ಬಾಡಿಗೆ ಗಾಡಿಗಳ ಓಟ ಮತ್ತು ನನ್ನ ಬಾಯಿ

ನಮ್ಮ ಮನೆಯ ಗೋಡೆಯ ಮೇಲೆ ಎರಡು ಹಲ್ಲಿಗಳು ಒಂದೇ ಹುಳದ ಕಡೆಗೆ ಹೊರಟವೆಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಟ್ಯೂಬ್‌ಲೈಟ್ ಕಡಿಂದ ಬಂದದ್ದು ದಪ್ಪಂದು, ಕ್ಯಾಲೆಂಡರ್ ಹಿಂದಿಂದ ಬಂದದ್ದು ಸಣ್ಣಂದು. ದಪ್ಪಂದು ತಿರುವಿನಾಗ ಜಾರೈತಿ, ಸಣ್ಣಂದು ಒಳಗಿಂದ ನುಗ್ಗೈತಿ..." ಎಂದು ಶುರುವಾಗಿಬಿಡುತ್ತದೆ. ಅಡುಗೆಮನೆಯಿಂದ ನನ್ನ ಹೆಂಡತಿ ಶರಣಮ್ಮ, "ನಿಮ್ಮ ದನಿ ಕೇಳಿ ಆ ಹುಳ ಹಾರಿಹೋದೀತು. ಪಾಪ, ಹಲ್ಲಿ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?" ಎನ್ನುತ್ತಾಳೆ.

ನನ್ನದೇನು ತಪ್ಪು, ನೀವೇ ಹೇಳಿ. ಬಾಡಿಗೆ ಗಾಡಿಗಳ ಓಟದಲ್ಲಿ ವರ್ಷಗಟ್ಟಲೆ ಮೈಕ್ ಹಿಡಿದ ಕೈ ಇದು. ವರ್ಷದ ಉಳಿದ ದಿನ ನಾರಾಯಣಪೇಟೆಯ ಓಣಿಗಳಲ್ಲಿ ಆಟೋದಲ್ಲಿ ಕೂತು, "ನಾಳೆ ನಳದ ನೀರು ಬರೂದಿಲ್ಲ", "ಕರಿ ಎಮ್ಮಿ ಕಳದೈತಿ, ಎಡಗೊಂಬು ಮುರದೈತಿ" ಎಂದು ಸಾರುತ್ತಾ ಹೋಗುವುದು ನನ್ನ ಉದ್ಯೋಗ. ನೀರು ಬಂದರೂ, ಎಮ್ಮೆ ಸಿಕ್ಕರೂ ಯಾರೂ ನನಗೆ ಬಂದು ಹೇಳಿದ್ದಿಲ್ಲ. ಓಟದ ದಿನ ಮಾತ್ರ ಹಾಗಲ್ಲ. ನಾನು ಹೇಳಿದ್ದು ಅಲ್ಲೇ, ಆಗಲೇ, ಜನರ ಕಣ್ಣೆದುರಿಗೇ ನಡೆಯುತ್ತಿತ್ತು. ನಡೆಯದಿದ್ದರೂ ನಡೆದಂತೆ ಹೇಳುವಷ್ಟು ದಮ್ಮು ನನ್ನಲ್ಲಿತ್ತು.

ಈ ಓಟ ಎಂಥದು ಅಂದರೆ, ಬೇಸಿಗೆಯಲ್ಲಿ ಮಕ್ತಲ್ ಕಡೆಯ ಒಂದು ಕೆರೆ ಪೂರ್ತಿ ಒಣಗಿತೆಂದರೆ ಅದರ ಅಂಗಳದಲ್ಲಿ ಜಾಲಿ ಗಿಡಗಳಿಗೆ ಕೆಂಪು ಬಟ್ಟೆ ಕಟ್ಟಿ ಒಂದು ದೊಡ್ಡ ಸುತ್ತು ಮಾಡುತ್ತಿದ್ದರು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆ ಮಂದಿ ಸಾಗಿಸುವ ಜೀಪು, ಕಾರುಗಳೇ ಅಲ್ಲಿ ಓಡುವುವು. ಕಾನೂನು ಒಂದೇ: ಗಾಡಿ ನಿನ್ನೆ ಬಾಡಿಗೆಗೆ ಹೋಗಿರಬೇಕು, ನಾಳೆಯೂ ಹೋಗಬೇಕು. ಅದರಿಂದ ಏನೂ ಬಿಚ್ಚುವಂತಿಲ್ಲ, ಅದಕ್ಕೆ ಏನೂ ಕೂಡಿಸುವಂತಿಲ್ಲ. ಟೀವಿಯಲ್ಲಿ ತೋರಿಸುವ ಓಟದ ಕಾರುಗಳ ಬಗ್ಗೆ ನನಗೆ ಗೌರವ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಅವುಗಳ ಮೇಲೆ ಒಂದು ಜೋಳದ ಚೀಲ ಇಡಲು ಬರುವುದಿಲ್ಲ, ಹಿಂದೆ ನಾಲ್ಕು ಹುಡುಗರು ಜೋತುಬೀಳಲು ಬರುವುದಿಲ್ಲ. ಬಾಣಂತಿಯನ್ನು ತವರಿಗೆ ಬಿಟ್ಟು ಬಂದ ಗಾಡಿಯೇ ಮರುದಿನ ಓಟದಲ್ಲಿ ಗೆದ್ದರೆ ಅದು ಗೆಲುವು.

ಕಾನೂನು ಒಂದೇ ಇದ್ದರೆ ಅದನ್ನು ಮುರಿಯುವ ಬಗೆ ನೂರಿರುತ್ತವೆ. ಗುಂಡುಮಾಲಿನವನೊಬ್ಬ ಭಾರ ಕಡಿಮೆ ಮಾಡಲು ಹಿಂದಿನ ಸೀಟನ್ನೇ ಕಿತ್ತಿಟ್ಟು ಬರುತ್ತಿದ್ದ. ಕೇಳಿದರೆ, "ಕೂಸು ವಾಂತಿ ಮಾಡಿತ್ರಿ, ತೊಳದು ಒಣಗಾಕ ಹಾಕೀನಿ" ಎನ್ನುತ್ತಿದ್ದ. ಆ ಸೀಟು ಎಷ್ಟೋ ಬೇಸಿಗೆ ಒಣಗುತ್ತಲೇ ಇತ್ತು. ಕೂಸು ಶಾಲೆಗೆ ಹೋಗಲು ಶುರು ಮಾಡಿದರೂ ಸೀಟು ಒಣಗಲಿಲ್ಲ. ಮಾನೋಪಾಡಿನ ಇನ್ನೊಬ್ಬನಿಗೆ ಪೆಟ್ರೋಲಿನಲ್ಲಿ ಕರ್ಪೂರ ಹಾಕಿದರೆ ಗಾಡಿ ಹಾರುತ್ತದೆ ಎಂದು ಯಾರೋ ಹೇಳಿದ್ದರು. ಗಾಡಿ ಹಾರಲಿಲ್ಲ. ಅದರ ಹೊಗೆ ಬಂದ ಕಡೆಗೆ ತಿರುಗಿ ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಮುದುಕಿಯರು ಕೈ ಮುಗಿದದ್ದೇ ಅವನು ಸಿಕ್ಕಿಬೀಳಲು ಕಾರಣವಾಯಿತು.

ನಾನು ಮಾತ್ರ ಯಾವ ಗಾಡಿಯನ್ನೂ ಓಡಿಸಿದವನಲ್ಲ. ಓಟದ ಒಳಗಿನ ಮನುಷ್ಯ ಎಂದು ಎದೆ ತಟ್ಟಿಕೊಳ್ಳುವ ನನಗೆ ಇವತ್ತಿಗೂ ಕ್ಲಚ್ ಯಾವ ಕಾಲಿಗೆ ಅಂತ ಕೇಳಬೇಡಿ. ಚಿಕ್ಕವನಿದ್ದಾಗ ಸೈಕಲ್ಲಿನ ಹಳೆ ಟೈರನ್ನು ಕೋಲಿನಿಂದ ಹೊಡೆದು ಓಡಿಸುವ ಪಂದ್ಯದಲ್ಲಿ ಒಮ್ಮೆ ಇಳಿದಿದ್ದೆ. ಆಗಲೂ ನನ್ನ ಮೈ ಈಗಿನಂತೆಯೇ ದುಂಡಗಿತ್ತು. ನೇಕಾರರ ಓಣಿಯ ಇಳಿಜಾರಿನಲ್ಲಿ ಟೈರು ಮುಂದೆ, ನಾನು ಹಿಂದೆ. ಟೈರು ತಿರುವಿನಲ್ಲಿ ತಿರುಗಿತು, ನಾನು ತಿರುಗಲಿಲ್ಲ. ನೇರ ಹೋಗಿ ನೂಲಿಗೆ ಬಣ್ಣ ಹಾಕುವ ಬಾನಿಯಲ್ಲಿ ಒಂದು ಕಾಲು ಇಟ್ಟೆ. ಒಂದು ಕಾಲು ಕುಂಕುಮದ ಬಣ್ಣ, ಒಂದು ಕಾಲು ನನ್ನ ಬಣ್ಣ, ಹೀಗೆ ಎಷ್ಟೋ ದಿನ ಶಾಲೆಗೆ ಹೋದೆ. "ಜರಿ ಅಂಚು ಒಂದು ಕಡಿಮಿ ಐತಿ ನೋಡು ಇವನಿಗೆ" ಎಂದು ನಮ್ಮವ್ವ ನಕ್ಕಿದ್ದಳು. ಅಂದೇ ನಾನು ಓಡುವವರ ಗುಂಪು ಬಿಟ್ಟು, ಓಟದ ಸುದ್ದಿ ಹೇಳುವವರ ಗುಂಪಿಗೆ ಸೇರಿದೆ. ಆ ಗುಂಪಿನಲ್ಲಿ ನಾನೊಬ್ಬನೇ ಇದ್ದೆ.

ನಾನು ಕಂಡ ಓಟಗಾರರಲ್ಲಿ ಇಬ್ಬರನ್ನು ಮರೆಯಲಾರೆ. ಒಬ್ಬ ಮಕ್ತಲ್ ಹತ್ತಿರದ ಮಾಳಪ್ಪ. ಕುರಿ ಸಾಕುವ ಮನೆತನ. ಬಾಗಿಲಿಲ್ಲದ ಜೀಪೊಂದಿತ್ತು. ಸಂತೆಯ ದಿನ ಕುರಿ, ಉಳಿದ ದಿನ ಮಂದಿ, ಒಮ್ಮೊಮ್ಮೆ ಎರಡೂ. "ಮಂದಿಗಿಂತ ಕುರಿ ಚಲೋರಿ. ಎಲ್ಲಿ ಇಳಸಿದ್ರ ಅಲ್ಲಿ ಇಳೀತಾವ" ಎನ್ನುವನು. ಓಟಕ್ಕೆ ಮುಂಚೆ ಬೀರಪ್ಪನ ಭಂಡಾರದ ಅರಿಸಿನವನ್ನು ಬಾನೆಟ್ಟಿನ ಮೇಲೆ ಎಷ್ಟು ಚೆಲ್ಲುತ್ತಿದ್ದನೆಂದರೆ ಆ ಜೀಪಿನ ಮೂಲ ಬಣ್ಣ ಯಾವುದೆಂದು ಅವನಿಗೇ ಗೊತ್ತಿರಲಿಲ್ಲ. ಬಸ್ಸು ನಿಂತ ದಿನಗಳಲ್ಲಿ, ಅಂದರೆ ಪ್ರತ್ಯೇಕ ತೆಲಂಗಾಣಕ್ಕಾಗಿ ಬಂದ್ ಮೇಲೆ ಬಂದ್ ಆಗುತ್ತಿದ್ದ ಆ ವರ್ಷಗಳಲ್ಲಿ, ಮಂದಿಯನ್ನು ಹೊಲದ ದಾರಿಗಳಲ್ಲಿ ಹಾರಿಸಿಕೊಂಡು ಹೋಗಿ ಊರು ಮುಟ್ಟಿಸಿದವನು ಇವನೇ. ಅವನ ಜೀಪಿನಿಂದ ಇಳಿದವರು ಮೊದಲು ದೇವರನ್ನು ನೆನೆದು, ಆಮೇಲೆ ತಮ್ಮ ಚಪ್ಪಲಿ ಹುಡುಕುತ್ತಿದ್ದರು.

ಇನ್ನೊಬ್ಬರು ಗದ್ವಾಲದ ಖಾಜಾಮಿಯಾ. ಬಿಳಿ ಅಂಬಾಸಿಡರ್, ಬಿಳಿ ಪೈಜಾಮ, ಬಿಳಿ ಗಡ್ಡ. ಆ ಕಾರಿಗೆ ಮದುವೆಯ ಬಾಡಿಗೆ ಬಿಟ್ಟರೆ ಬೇರೆ ಇಲ್ಲ. ಮದುಮಗಳ ತಲೆಯ ಒಂದು ಹೂವೂ ಅಲುಗದಂತೆ ಕಾರು ನಡೆಸುತ್ತಿದ್ದರು. ಹಾಗೆ ವರ್ಷವಿಡೀ ಮೆಲ್ಲಗೆ ಹೋಗಿ ಹೋಗಿ ಒಳಗೆ ಕೂಡಿದ ಸಿಟ್ಟನ್ನೆಲ್ಲ ಆ ಒಂದು ದಿನ ಕೆರೆಯ ಅಂಗಳದಲ್ಲಿ ತೀರಿಸಿಕೊಳ್ಳುವರು. ಅವರ ಕಾರು ತಿರುವಿನಲ್ಲಿ ಬಾಲ ಬೀಸುವುದನ್ನು ನೋಡಿದರೆ, ಇದರಲ್ಲಿ ಕೂತೇ ನಾವು ಲಗ್ನವಾದದ್ದಾ ಎಂದು ಗಂಡಹೆಂಡಿರು ಮುಖಮುಖ ನೋಡಿಕೊಳ್ಳುವರು.

ಹೊಸ ರಾಜ್ಯವಾದ ಬೇಸಿಗೆ ಬಂತು. ಕನ್ನಡ ಮಾತಾಡುವ ನಮ್ಮ ಅಜ್ಜಂದಿರು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಅರ್ಜಿ ಕೊಟ್ಟರು, ಅಪ್ಪಂದಿರು ಆಂಧ್ರದವರಾದರು, ನಾವು ತೆಲಂಗಾಣದವರಾದೆವು. ನಾವು ಕೂತ ಕಟ್ಟೆಯ ಮೇಲೆಯೇ ಕೂತಿದ್ದೇವೆ, ರಾಜ್ಯಗಳು ಮಾತ್ರ ಒಂದಾದ ಮೇಲೊಂದು ನಮ್ಮನ್ನು ಓವರ್‌ಟೇಕ್ ಮಾಡಿಕೊಂಡು ಹೋಗಿವೆ. ಮಾಳಪ್ಪ ಯಾರ ಅಪ್ಪಣೆಗೂ ಕಾಯದೆ ನಂಬರ್ ಪ್ಲೇಟಿನ ಹಳೆ ಅಕ್ಷರ ಅಳಿಸಿ, ಕುರಿಗೆ ಗುರುತು ಹಾಕುವ ಬಣ್ಣದಿಂದಲೇ ಹೊಸದು ಬರೆದ. ಖಾಜಾಮಿಯಾ ಹಳೆಯದನ್ನೇ ಉಳಿಸಿಕೊಂಡರು. "ಹುಟ್ಟಿದಾಗ ಇಟ್ಟ ಹೆಸರು ಯಾಕ ಬದಲಿ ಮಾಡೂದು, ಮುದುಕಿ ಮರೀತಾಳ" ಎಂದರು. ಮುದುಕಿ ಎಂದರೆ ಕಾರು.

ಓಟದ ಮುಂಚೆ ಚಹಾದ ಅಂಗಡಿಯಲ್ಲಿ ಇಬ್ಬರಿಗೂ ಮಾತಿಗೆ ಮಾತು ಹತ್ತಿತು. ಮಾಳಪ್ಪನ ಮಗಳು ಮಂಜುಳಾಗೆ ಧನ್ವಾಡದ ಹುಡುಗ ಗೊತ್ತಾಗಿದ್ದ, ಮದುವೆ ಹುಡುಗನ ಊರಲ್ಲೇ. ಖಾಜಾಮಿಯಾರ ಮಗನ ಶಾದಿಯೂ ಹತ್ತಿರದಲ್ಲೇ ಇತ್ತು.

"ಖಾಜಾ ಭಾಯ್, ನಾ ಗೆದ್ರ ನನ್ನ ಮಗಳು ನಿಮ್ಮ ಕಾರಿನಾಗ ಕುಂತು ಹೋಗಬೇಕು. ನೀವಾ ನಡಸಬೇಕು" ಎಂದ ಮಾಳಪ್ಪ.

"ಮಂಜೂರ್. ಸೋತ್ರ?"

"ನಿಮ್ಮ ಮಗನ ದಾವತ್ತಿಗೆ ನನ್ನ ಹಟ್ಟಿಯ ಎರಡು ಟಗರು. ನೀವಾ ಆರಿಸಿಕೊಳ್ರಿ."

ಚಹಾ ಕುಡಿಯುತ್ತಿದ್ದವರೆಲ್ಲ ಹೋ ಎಂದರು. ಮದುವೆಗೆ ಕಾರು ಕೇಳಲು ಮಾಳಪ್ಪನಿಗೆ ಇದಕ್ಕಿಂತ ಮರ್ಯಾದೆಯ ದಾರಿ ಸಿಕ್ಕಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಹಾಗಂತ ಸೋಲಲು ಖಾಜಾಮಿಯಾ ತಯಾರಿರಲಿಲ್ಲ, ಅದೂ ಗೊತ್ತಿತ್ತು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಮಕ್ತಲ್ ಮಂದಿ ಕೆರೆಯ ಏರಿಯ ಈ ಕಡೆ, ಗದ್ವಾಲದವರು ಆ ಕಡೆ ಕೂಡುತ್ತಿದ್ದರು. ನಾನು ಕನ್ನಡದಲ್ಲಿ "ಮಾಳಪ್ಪನ ಜೀಪು ಮುಂದೈತಿ!" ಎಂದು ಕೂಗಿ, ಉಸಿರು ಬಿಡದೆ ತೆಲುಗಿನಲ್ಲಿ "ಗದ್ವಾಲ ಬಂಡಿ ಮುಂದುಂದಿ!" ಎನ್ನುತ್ತಿದ್ದೆ. ಎರಡೂ ಕಡೆ ಸಿಳ್ಳೆ. ಎಲ್ಲರಿಗೂ ಎರಡೂ ಭಾಷೆ ಬರುತ್ತಿತ್ತು ಎಂಬುದು ಬೇರೆ ಮಾತು. ತಮ್ಮ ಗಾಡಿ ಮುಂದಿದೆ ಎಂದು ಯಾರಾದರೂ ಕೂಗಿ ಹೇಳಲಿ ಎಂದೇ ಬಿಸಿಲಲ್ಲಿ ಬಂದು ಕೂತವರು ಅವರು. ಓಟ ಮುಗಿಯುವ ಹೊತ್ತಿಗೆ ಕಣ್ಣಿಗೆ ಕಂಡದ್ದನ್ನು ಹೇಳಿದರೆ ಮುಗಿಯಿತು.

ಆ ವರ್ಷ ಕಣ್ಣಿಗೆ ಏನೂ ಕಾಣಲಿಲ್ಲ. ಕೆರೆಯ ಮಣ್ಣು ಹಿಟ್ಟಾಗಿತ್ತು. ಜೀಪು, ಅಂಬಾಸಿಡರ್ ಹೊರಟದ್ದೇ ತಡ, ಧೂಳು ಎದ್ದು ಕೆರೆಯೇ ಮಾಯವಾಯಿತು. ಒಳಗೆ ಎರಡು ಎಂಜಿನ್ನು ಬೈದಾಡುವ ಸಪ್ಪಳ ಮಾತ್ರ. ನಾನು ಹೆದರಲಿಲ್ಲ. ಇಲ್ಲದ ತಿರುವು, ಇಲ್ಲದ ನುಗ್ಗಾಟ, ಎಲ್ಲವನ್ನೂ ಹೇಳಿದೆ. ಮಾಳಪ್ಪ ಜಾಲಿ ಗಿಡ ಸವರಿಕೊಂಡು ಹೋದನೆಂದೆ, ಖಾಜಾಮಿಯಾ ಗಡ್ಡ ಕಚ್ಚಿ ಸ್ಟೇರಿಂಗ್ ತಿರುವಿದರೆಂದೆ. ಇದ್ದಕ್ಕಿದ್ದಂತೆ ಸಪ್ಪಳ ನಿಂತಿತು. ಓಟ ಮುಗಿದಿತ್ತು. ಎಲ್ಲರ ಮುಖ ನನ್ನ ಕಡೆ ತಿರುಗಿತು. ಅಭ್ಯಾಸಬಲ, ಇನ್ನೇನು? "ಮಾಳಪ್ಪ ಗೆದ್ದಾ!" ಎಂದೆ ಕನ್ನಡದಲ್ಲಿ. ಬಾಯಿ ನಿಲ್ಲಲಿಲ್ಲ. "ಖಾಜಾಮಿಯಾ ಗೆಲಿಚಾಡು!" ಎಂದಿತು ತೆಲುಗಿನಲ್ಲಿ.

ಮಕ್ತಲಿನವರು ಕುಣಿದರು, ಗದ್ವಾಲದವರು ಕುಣಿದರು, ಕುಣಿಯುತ್ತಾ ಎರಡೂ ಗುಂಪು ನಡುವೆ ಡಿಕ್ಕಿ ಹೊಡೆದ ಮೇಲೆ ವಿಷಯ ತಿಳಿಯಿತು. ನನ್ನನ್ನು ನಡುವೆ ಹಾಕಿಕೊಂಡರು.

"ನೀ ಏನು ನೋಡಿದಿ, ಅದನ್ನ ಹೇಳು ಶಂಕ್ರಪ್ಪ."

"ಧೂಳು ನೋಡಿದೆ" ಎಂದೆ.

ಹಿಂದಿನಿಂದ ಯಾರೋ, "ಇರಲಿ ಬಿಡ್ರೋ, ರಾಜ್ಯಾನೇ ಎರಡಾಗೈತಿ, ಗೆಲುವು ಎರಡಾದ್ರ ಏನು?" ಎಂದರು. ಅವರಿಗೆ ಮಗಳ ಮದುವೆಯೂ ಇರಲಿಲ್ಲ, ಕಳೆದುಕೊಳ್ಳಲು ಟಗರೂ ಇರಲಿಲ್ಲ. ಮಾಳಪ್ಪನ ಮುಖ ಸಣ್ಣದಾಗಿತ್ತು. "ನಾ ಮೊದಲ ಬಂದೀನಿ ಅಂತ ನನಗನಿಸ್ತದ. ಆದ್ರ ಅನಿಸಿದ್ದಕ್ಕ ಕಾರು ಕೇಳಾಕ ಬರ್ತದನು?" ಎಂದ ಮೆಲ್ಲಗೆ. ಖಾಜಾಮಿಯಾ ಗಡ್ಡದ ಧೂಳು ಕೊಡವಿ, "ನನಗೂ ಹಂಗ ಅನಿಸೈತಿ ಮಾಳಪ್ಪಾ. ನಾಳೆ ಮತ್ತ ಓಡೋಣು" ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಈ ಸಲ ಸಾಕ್ಷಿ ದೂರ ನಿಲ್ಲಬಾರದು, ಗಾಡಿಯೊಳಗ ಕೂಡಬೇಕು" ಎಂದರು.

ಯಾರ ಗಾಡಿಯಲ್ಲಿ? ನನ್ನ ಭಾರ ಯಾರಿಗೂ ಬೇಡ. ಕೊನೆಗೆ ಎರಡು ಸುತ್ತಿನ ಓಟ ಎಂದು ಮಾತಾಯಿತು. ಮೊದಲ ಸುತ್ತು ಜೀಪಿನಲ್ಲಿ, ಎರಡನೆಯದು ಅಂಬಾಸಿಡರಿನಲ್ಲಿ. ನಡುವೆ ನಾನು ಇದರಿಂದ ಇಳಿದು ಅದಕ್ಕೆ ಹತ್ತಬೇಕು. ಕರಿ ಎಮ್ಮೆ ಸಾರುವವನ ಹಣೆಬರಹ ಹೀಗೂ ಬರೆದಿರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಸುದ್ದಿ ಕೇಳಿ ಶರಣಮ್ಮ ಕೈಗೆ ಒಂದು ಲಿಂಬೆಹಣ್ಣು ಕೊಟ್ಟಳು. "ದೃಷ್ಟಿಗಾ?" ಎಂದೆ. "ವಾಂತಿಗೆ" ಎಂದಳು.

ಬೆಳಿಗ್ಗೆ ಬಿಸಿಲು ಏರುವ ಮೊದಲೇ ಏರಿಯ ತುಂಬ ಜನ. ಹಿಂದಿನ ದಿನಕ್ಕಿಂತ ಹೆಚ್ಚು. ಗಾಡಿ ನೋಡಲು ಬಂದವರು ಕಡಿಮೆ, ನನ್ನನ್ನು ನೋಡಲು ಬಂದವರೇ ಬಹಳ. ಮಾಳಪ್ಪನ ಜೀಪು ಹತ್ತಿದೆ. ಹಿಂದೆ ಎರಡು ಕುರಿ ನಿಂತಿದ್ದವು. "ಇವು ಯಾಕೋ?" ಎಂದೆ. "ಸಂತಿಗೆ ಹೊಂಟಾವು. ಗಾಡಿಯಾಗ ಇದ್ದದ್ದು ಇಳಸಬಾರದಲ್ರೀ, ಕಾನೂನು" ಎಂದ. ಜೀಪು ಹೊರಟಿತು. ಆ ಸುತ್ತಿನ ಬಗ್ಗೆ ನಾನು ಹೇಳುವುದು ಸ್ವಲ್ಪವೇ. ನನ್ನ ಎರಡೂ ಕೈ ಮುಂದಿನ ಕಂಬಿ ಹಿಡಿದಿದ್ದವು, ಮೈಕು ಹೆಗಲ ಮೇಲೆ ಜೋತಾಡುತ್ತಿತ್ತು. ಒಂದು ಕುರಿ ನನ್ನ ಭುಜದ ಮೇಲೆ ಗದ್ದ ಇಟ್ಟು ಮೈಕಿನ ಸ್ಪಂಜನ್ನು ಸಾವಕಾಶವಾಗಿ ತಿನ್ನತೊಡಗಿತು. ಜನರಿಗೆ ಆ ಸುತ್ತಿನ ಉದ್ದಕ್ಕೂ ಕೇಳಿದ್ದು ಅದು ಮೆಲ್ಲುವ ಸಪ್ಪಳ, ನಡುನಡುವೆ ನನ್ನ "ಯವ್ವಾ".

ಸುತ್ತು ಮುಗಿದಾಗ ಎರಡೂ ಗಾಡಿ ಸಮಸಮ ನಿಂತವು. ಜೀಪಿಗೆ ಬಾಗಿಲಿಲ್ಲ, ನಾನು ಇಳಿದೆ ಅನ್ನುವುದಕ್ಕಿಂತ ಉದುರಿದೆ. ಮಾಳಪ್ಪ ಅತ್ತ ಹಾರಿಸಿಕೊಂಡು ಹೋದ. ನಾನು ಅಂಬಾಸಿಡರಿನ ಕಡೆಗೆ ಓಡಿ ಬಾಗಿಲು ಜಗ್ಗಿದೆ. ಬರಲಿಲ್ಲ. ಕಿಟಕಿಯಿಂದ ನುಗ್ಗಲು ನೋಡಿದೆ, ಅರ್ಧ ಮಾತ್ರ ಹೋದೆ. ಏರಿಯ ಮೇಲೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಗ ಖಾಜಾಮಿಯಾ ಕಾರಿನಿಂದ ಕೆಳಗಿಳಿದರು. ಸುತ್ತಿಕೊಂಡು ಬಂದರು. ನನ್ನನ್ನು ಹೊರಗೆಳೆದರು, ಹ್ಯಾಂಡಲ್ಲು ಎತ್ತಿ ಸೊಂಟದಿಂದ ಬಾಗಿಲಿಗೆ ಒಂದು ತಟ್ಟು ಕೊಟ್ಟು ತೆರೆದು, ಸ್ವಲ್ಪ ಬಾಗಿ, "ತಶ್ರೀಫ್ ರಖಿಯೇ" ಎಂದರು. ನಾನು ಕೂತೆ. ಧೋತರದ ಚುಂಗು ಹೊರಗೆ ಉಳಿದಿತ್ತು. ಅದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಮೆಲ್ಲಗೆ ಬಾಗಿಲು ಹಾಕಿದರು. ಅಷ್ಟರಲ್ಲಿ ಮಾಳಪ್ಪ ಎರಡನೆಯ ತಿರುವಿನಲ್ಲಿದ್ದ.

"ಚಾಚಾ, ಪಂದ್ಯ ಹೊಂಟೈತ್ರಿ!" ಎಂದು ಕೂಗಿದೆ.

"ಗೊತ್ತೈತಿ. ಮದಿವಿ ಕಾರು ನಡಸಿದ ಕೈ, ಬಾಗಿಲ ಹತ್ರ ಅವಸರ ಮಾಡು ಅಂದ್ರ ಕೇಳಲಿಲ್ಲ" ಎಂದರು ಅವರು. ಆಮೇಲೆ ಕಾರನ್ನು ಬಿಟ್ಟರು ನೋಡಿ, ನನ್ನ ಹೊಟ್ಟೆ ಒಂದು ತಿರುವು ಹಿಂದೆಯೇ ಉಳಿಯಿತು! ಜೀಪಿನ ಬಾಲದ ತನಕ ಬಂದೆವು. ಕುರಿಗಳ ಮುಖ ಕಾಣುತ್ತಿತ್ತು, ಅವು ನಮ್ಮನ್ನು ಶಾಂತವಾಗಿ ನೋಡುತ್ತಿದ್ದವು. ಅಷ್ಟರಲ್ಲಿ ಜೀಪು ಕೊನೆಯ ಕೆಂಪು ಬಟ್ಟೆ ದಾಟಿತ್ತು. ಧೂಳು ಉಗುಳಿ, ಕುರಿ ಬಿಟ್ಟುಕೊಟ್ಟ ಮೈಕಿನಲ್ಲಿ, ಮಾಳಪ್ಪನೇ ಗೆದ್ದನೆಂದು ಎರಡೂ ಭಾಷೆಯಲ್ಲಿ ಹೇಳಿದೆ. ಆ ಲಿಂಬೆಹಣ್ಣು ಆಮೇಲೆ ಉಪಯೋಗಕ್ಕೆ ಬಂತು.

ಟಗರುಗಳು ಮಾಳಪ್ಪನಿಗೇ ಉಳಿಯಬೇಕಿತ್ತು. ಖಾಜಾಮಿಯಾರ ಮಗನ ದಾವತ್ತಿಗೆ ಅವೂ ಹೋದವು. ಅದನ್ನು ಯಾರೂ ಪಂದ್ಯಕ್ಕೆ ಸೇರಿಸಿ ಮಾತಾಡಲಿಲ್ಲ, ನಾನೂ ಊಟ ಮಾಡಿ ಸುಮ್ಮನೆ ಬಂದೆ.

ಮಂಜುಳಾಳ ಮದುವೆಯ ಬೆಳಿಗ್ಗೆ ಅಂಬಾಸಿಡರ್ ಮಲ್ಲಿಗೆ ಮುಡಿದು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ನಾನು, ಹಿಂದೆ ನಾರಾಯಣಪೇಟೆಯ ಸೀರೆ ಉಟ್ಟು, ಬಾಸಿಂಗದ ಗಂಟು ಮಡಿಲಲ್ಲಿಟ್ಟುಕೊಂಡ ಮಂಜುಳಾ, ಪಕ್ಕದಲ್ಲಿ ಅವಳ ಸೋದರತ್ತೆ. ನೆಂಟರನ್ನೆಲ್ಲ ತುಂಬಿಕೊಂಡ ಜೀಪಿನಲ್ಲಿ ಮಾಳಪ್ಪ ನಮ್ಮ ಹಿಂದೆ. ಈ ಹುಡುಗಿ ಬೆಳೆದದ್ದೇ ಆ ಜೀಪಿನಲ್ಲಿ. ಅಪ್ಪನ ಜೊತೆ ಪಂಕ್ಚರ್ ಹಾಕಿದವಳು, ಗೇರು ಬದಲಿಸುವ ಸಪ್ಪಳದಿಂದಲೇ ಅಪ್ಪನ ಸಿಟ್ಟು ಎಷ್ಟೆಂದು ಹೇಳುವವಳು.

ಖಾಜಾಮಿಯಾ ತಮ್ಮ ಮದುವೆಯ ನಡಿಗೆ ಹಿಡಿದರು. ಒಂದು ಟ್ರ್ಯಾಕ್ಟರ್ ನಮ್ಮನ್ನು ದಾಟಿತು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ದಾಟಿದ, ದಾಟುವಾಗ ಕಿಟಕಿಯಲ್ಲಿ ಇಣುಕಿ ನಮಸ್ಕಾರವನ್ನೂ ಮಾಡಿದ. ಮರಿಕಲ್ ತಿರುವು ಬಂದಾಗ ಮಂಜುಳಾ ತಡೆಯಲಾರದೆ, "ಚಾಚಾ, ಇದು ಮದಿವಿ ಕಾರೋ, ಮೈಯ್ಯತ್ತಿನ ಕಾರೋ?" ಎಂದಳು. ಸೋದರತ್ತೆ ಅವಳ ತೊಡೆಗೆ ಒಂದು ಚಿವುಟಿ, "ಮದಿವಿ ದಿನ ಹೆಣದ ಮಾತ್ಯಾಕ, ಬಿಡ್ತು ಅನ್ನು" ಎಂದಳು.

"ಬಿಡ್ತು. ಚಾಚಾ, ಅಪ್ಪ ಹಿಂದ ಬರಾಕತ್ಯಾನ. ಇವತ್ತೂ ಅವ ಮುಂದ ಹೋದ್ರ, ನನ್ನ ಮಗಳ ಮದಿವಿ ಕಾರನ್ನೂ ಹಿಂದ ಹಾಕಿದೆ ಅಂತ ಊರ ತುಂಬ ಹೇಳ್ಕೋತ ತಿರುಗ್ತಾನ. ಬಿಡಬ್ಯಾಡ್ರಿ."

ಖಾಜಾಮಿಯಾ ನನ್ನ ಮುಖ ನೋಡಿದರು. ಮದುಮಗಳು ಕೂತಾಗ ಅವರು ಹಾಗೆ ಕಾರು ಓಡಿಸಿದವರೇ ಅಲ್ಲ. "ದುಲ್ಹನ್ ಹುಕುಂ ಮಾಡ್ಯಾಳ, ಶಂಕ್ರಪ್ಪಾ. ಗಟ್ಟಿ ಹಿಡಕೋ" ಎಂದರು.

ಮಲ್ಲಿಗೆ ಮಾಲೆ ಹಾವಿನಂತೆ ಗಾಳಿಯಲ್ಲಿ ಹಾರತೊಡಗಿತು. ಹಾಲಿನವನನ್ನು ದಾಟಿದೆವು, ಈ ಸಲ ನಾನು ನಮಸ್ಕಾರ ಮಾಡಿದೆ. ಟ್ರ್ಯಾಕ್ಟರ್ ದಾಟಿದೆವು. ಮಂಜುಳಾ ಸೀಟು ಬಡಿದು ನಗುತ್ತಿದ್ದಳು. ಸೋದರತ್ತೆ ಮೊದಲು ಬೀರಪ್ಪನನ್ನು ಕೂಗಿದಳು, ಆಮೇಲೆ ಅವಳೂ "ಇನ್ನಷ್ಟು ಬಿಡ್ರಿ" ಎಂದಳು. ನಾನು ಕನ್ನಡಿ ನೋಡಿ ನೋಡಿ ಹೇಳುತ್ತಿದ್ದೆ: "ಜೀಪು ಸಣ್ಣಗಾತು... ಇನ್ನೂ ಸಣ್ಣಗಾತು... ಇಲ್ಲಾ, ಕಾಣವಲ್ದು!"

ಧನ್ವಾಡ ಮುಟ್ಟಿದಾಗ ಬೀಗರ ಮನೆಯಲ್ಲಿ ಯಾರೂ ತಯಾರಿರಲಿಲ್ಲ. ಆರತಿ ತಟ್ಟೆಗೆ ಎಣ್ಣೆ ಹಾಕಿರಲಿಲ್ಲ. ಮದುಮಗ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಾಗಿಲಿಗೆ ಬಂದು, ಮದುಮಗಳನ್ನು ನೋಡಿ ಒಳಗೆ ಓಡಿದ. ಮಂಜುಳಾ ನಕ್ಕದ್ದೇ ನಕ್ಕದ್ದು. "ಅಪ್ಪ ಬರಲಿ, ಮೊದಲು ಅಪ್ಪ ಬರಲಿ. ಅವನ ಮುಖ ನೋಡಿನಾ ಇಳೀತೀನಿ" ಎಂದು ಕಾರಿನಲ್ಲೇ ಕೂತಳು.

ಅಪ್ಪ ಬರಲಿಲ್ಲ. ಆರತಿಗೆ ಎಣ್ಣೆ ಬಂತು, ಮದುಮಗನ ಇನ್ನರ್ಧ ಗಡ್ಡ ಹೋಯಿತು, ನಾವು ದಾಟಿದ ಟ್ರ್ಯಾಕ್ಟರೂ ಬಂದು ಮುಂದೆ ಹೋಯಿತು. ಜೀಪು ಇಲ್ಲ. ಮಂಜುಳಾಳ ನಗು ನಿಂತಿತು. ಖಾಜಾಮಿಯಾ ಕೆಳಗಿಳಿದು ಹಣೆಗೆ ಕೈ ಅಡ್ಡ ಹಿಡಿದು ರಸ್ತೆಯ ಕಡೆ ನೋಡತೊಡಗಿದರು. ಕೊನೆಗೆ ತಿರುವಿನಲ್ಲಿ ಜೀಪು ಕಂಡಿತು. ತುಂಬಿದ ಕೊಡ ಹೊತ್ತ ಹೆಂಗಸು ನಡೆಯುವಂತೆ ಬರುತ್ತಿತ್ತು. ರಸ್ತೆಯಲ್ಲಿ ಇನ್ನೊಂದು ಗಾಡಿ ಇರಲಿಲ್ಲ.

ಜೀಪಿನಿಂದ ನೆಂಟರು ಗೊಣಗುತ್ತಾ ಇಳಿದರು. "ಎರಡು ಕಡಿ ನಿಲ್ಲಿಸಿ ಗಾಲಿ ಒದ್ದು ನೋಡ್ಯಾನ. ಗಾಲಿಗೇನೂ ಆಗಿರಲಿಲ್ಲ. ನಮ್ಮ ಎತ್ತಿನ ಬಂಡಿ ಕಟ್ಟಿದ್ರ ಇಷ್ಟೊತ್ತಿಗೆ ಉಂಡು ಮಲಗಿರ್ತಿದ್ವಿ" ಎಂದಳೊಬ್ಬ ಮುದುಕಿ. ಮಾಳಪ್ಪ ಎಲ್ಲರ ಹಿಂದೆ ಇಳಿದ. ಯಾರ ಮುಖವನ್ನೂ ನೋಡಲಿಲ್ಲ.

"ಎಂಜಿನ್ ಕಾದಿತ್ರಿ. ನೀರು ಕುದ್ದು ಹೊರಗ ಬಂದಿತ್ತು. ಓಡಸಾಕ ಆಗಲಿಲ್ಲ" ಎಂದ.

ಖಾಜಾಮಿಯಾ ಬಂದು ಅಂಬಾಸಿಡರಿನ ಬಾಗಿಲು ತೆರೆದರು. ಮಂಜುಳಾ ಇಳಿದು ನೇರ ಜೀಪಿನ ಹತ್ತಿರ ಹೋದಳು. ಮದರಂಗಿ ಹಚ್ಚಿದ ಅಂಗೈಯನ್ನು ಬಾನೆಟ್ಟಿನ ಮೇಲೆ ಇಟ್ಟಳು. ಇಟ್ಟ ಕೈ ಇಟ್ಟಲ್ಲೇ ಇತ್ತು, ತೆಗೆಯಲಿಲ್ಲ.

"ಕುದ್ದ ಎಂಜಿನ್ನಿನ ಮ್ಯಾಲ ಹಿಂಗ ಕೈ ಇಡಾಕ ಬರೂದಿಲ್ಲಪ್ಪ" ಎಂದಳು.

ಮಾಳಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ಅವಳ ಕೈಯನ್ನು ಬಾನೆಟ್ಟಿನಿಂದ ತೆಗೆದು ಹಿಡಿದುಕೊಂಡು, "ನೀನಾ ಗೆದ್ದಿ ನಡಿಯವ್ವ, ಆರತಿ ಹಿಡಕೊಂಡು ನಿಂತಾರ" ಎಂದ.